ಆತವ್ವನೂ ಅಣಕಪ್ಪನೂ

ನಾನು ಸುಶ್ಮಿತಾಳನ್ನು ಮದುವೆಗೆ ಕೇಳಿದ್ದು ಬಸ್ ಕಂಡಕ್ಟರನ ದನಿಯಲ್ಲಿ. ಎಡವಟ್ಟಾದದ್ದು ಅಲ್ಲೇ.

ಬೆಟಗೇರಿಯ ನನ್ನ ಸ್ಟುಡಿಯೋ ಎಂದರೆ ಗೋಡೆಗೆಲ್ಲ ಕೌದಿ ಹೊದಿಸಿದ ಒಂದು ಕೋಣೆ. ಪಕ್ಕದ ಮನೆಯ ಮಗ್ಗದ ಸದ್ದು ಮೈಕಿಗೆ ನುಗ್ಗದಿರಲೆಂದು ಅವ್ವ ಹೊಲಿದ ಕೌದಿಗಳನ್ನೆಲ್ಲ ಮೊಳೆ ಹೊಡೆದು ತೂಗುಹಾಕಿದ್ದೇನೆ. ಅಲ್ಲಿ ಕೂತು ಮಕ್ಕಳ ಕತೆಗಳನ್ನು ಆಡಿಯೋ ನಾಟಕ ಮಾಡುತ್ತೇನೆ. ಅಜ್ಜ, ಮಗು, ಕಾಗೆ, ಕತ್ತೆ, ಎಲ್ಲ ದನಿಯೂ ನಾನೇ. ಕತ್ತೆಯ ಪಾತ್ರಕ್ಕೆ ನಾನು ಹೆಚ್ಚು ಕಷ್ಟಪಡಬೇಕಿಲ್ಲ ಎಂದು ಸುಶ್ಮಿತಾ ಬಾಯಿಬಿಟ್ಟು ಹೇಳಿಲ್ಲ, ನಕ್ಕಿದ್ದಾಳೆ ಅಷ್ಟೇ.

ಅವಳು ಮುಂಡರಗಿಯ ಪ್ರೈಮರಿ ಶಾಲೆಯ ಟೀಚರ್. ಮಕ್ಕಳು ‘ಅಕ್ಕೋರ’ ಎನ್ನುತ್ತಾರೆ. ನಾನೂ ಹಾಗೆಂದರೆ ಪ್ರೇಮಕಥೆ ಅಲ್ಲೇ ಮುಗಿದು ರಾಖಿ ಕಟ್ಟಿಸಿಕೊಳ್ಳಬೇಕಾದೀತು. ಹಾಗಾಗಿ ‘ಟೀಚರ್ರ’ ಎನ್ನುತ್ತೇನೆ. ಅವಳು ಬರೆದು ತನ್ನ ಶಾಲೆಯ ಮಕ್ಕಳಿಗೆ ಹೇಳಿದ್ದ ಕತೆಯೊಂದನ್ನು ನಾಟಕ ಮಾಡಲೆಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಬರುತ್ತಿದ್ದಳು.

ಕತೆಯಲ್ಲಿ ಇಬ್ಬರು ಮಕ್ಕಳು. ಆತವ್ವ ಎಂಬ ಹುಡುಗಿ ಯಾರು ಏನು ಕೇಳಿದರೂ ‘ಆತು’ ಎನ್ನುತ್ತಾಳೆ. ಪೆನ್ಸಿಲ್ ಕೊಡ, ಆತು. ಜೋಕಾಲಿ ಬಿಡ, ಆತು. ಆಮೇಲೆ ಮನೆಗೆ ಹೋಗಿ ಆಡಿನ ಕಿವಿ ಹಿಂಡುತ್ತಾಳೆ. ಅಣಕಪ್ಪ ಎಂಬ ಹುಡುಗ ಊರವರ ದನಿಯನ್ನೆಲ್ಲ ಅಣಕಿಸುತ್ತಾನೆ. ಅವನ ಸ್ವಂತ ದನಿ ಹೇಗಿತ್ತೆಂದು ಅವನ ಅವ್ವನಿಗೂ ಮರೆತುಹೋಗಿದೆ.

ನಾನು ಇಬ್ಬರನ್ನೂ ತಿದ್ದಿದೆ.

“ಟೀಚರ್ರ, ಮಕ್ಕಳ ನಾಟಕದಾಗ ಹುಡಗಿ ಆಡಿನ ಕಿವಿ ಹಿಂಡೂದ ಬ್ಯಾಡ. ಆತವ್ವನ್ನ ದೊಡ್ಡ ಮನಸಿನಾಕಿ ಮಾಡೂನು. ಅಣಕಪ್ಪಗ ಕಡೀಕ ಒಂದು ಬಹುಮಾನ ಕೊಡಸೂನು. ಹೆಂಗ?”

ಅವಳು ಪೆನ್ನಿನ ಕ್ಯಾಪು ಕಚ್ಚಿದಳು. ಎಡಗಡೆಯ ಹುಬ್ಬು ಒಂದಿಷ್ಟು ಮೇಲೇರಿ, ದಾರಿ ತಪ್ಪಿದಂತೆ ನಿಂತು, ಸುಮ್ಮನೆ ವಾಪಸು ಬಂತು.

“ಆತ್ರಿ.”

ನಾನು ಆ ಹುಬ್ಬಿನ ಚಂದ ನೋಡಿದೆನೇ ಹೊರತು ಅದು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ನನಗೆ ಕಿವಿಯಿಂದಲೇ ಸಂಪಾದನೆ; ಕಣ್ಣು ಬರೀ ಖರ್ಚಿಗೆ.

ಕಡೆಯ ಶನಿವಾರ ರೆಕಾರ್ಡಿಂಗ್ ಮುಗಿಯಿತು. ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. ಇನ್ನು ಬರಲು ಅವಳಿಗೆ ಕಾರಣವಿಲ್ಲ ಎನ್ನುವುದು ಆಗ ಹೊಳೆಯಿತು. ಹೇಳಬೇಕು ಎಂದು ಬಾಯಿ ತೆರೆದೆ. ನನ್ನ ದನಿ ಬರುವ ಮೊದಲೇ ಕಂಡಕ್ಟರ್ ನುಗ್ಗಿ ಬಂದ.

“ಯಾರ್ರೀ ಡಂಬಳ, ಡೋಣಿ, ಮುಂಡರಗಿ! ಟೀಚರಮ್ಮಾರ, ಜೀವನಪೂರ್ತಿ ಬಾಜೂ ಸೀಟ ಖಾಲಿ ಐತಿ, ಕುಂಡರ್ತೀರೇನು? ಜಲ್ದಿ ಹೇಳ್ರಿ, ರೈಟ್ ರೈಟ್!”

ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತ ಇದ್ದಕ್ಕಿದ್ದಂತೆ ನಿಂತು ನನ್ನನ್ನು ನೋಡಿದಳು. ನಗು ತುಟಿಯಲ್ಲೇ ಇತ್ತು, ಕಣ್ಣು ಮಾತ್ರ ಏನನ್ನೋ ಹುಡುಕುತ್ತಿತ್ತು.

“ಆತ್ರಿ,” ಎಂದವಳೇ ಮೆಟ್ಟಿಲಿಳಿದು ಹೋದಳು.

ಆ ವಾರವಿಡೀ ನನ್ನ ಕತ್ತೆಯ ದನಿಯೂ ಇಂಪಾಗಿತ್ತು.

ಶುಕ್ರವಾರ ಅವಳ ಶಾಲೆಗೇ ಹೋಗಿ ಮಕ್ಕಳಿಗೆ ನಾಟಕ ಕೇಳಿಸಿದೆ. ಮುಗಿದಾಗ ಚಪ್ಪಾಳೆಯಿಲ್ಲ. ಮುಂದಿನ ಸಾಲಿನಿಂದ ಮಾಯಾ ಎಂಬ ಹುಡುಗಿ ಎದ್ದು ನಿಂತಳು.

“ಅಕ್ಕೋರ, ಇಕಿ ನಮ್ಮ ಆತವ್ವ ಅಲ್ರಿ.”

“ಯಾಕವ್ವಾ?” ಎಂದೆ ನಾನು.

“ನಮ್ಮಾಕಿಗೆ ಸಿಟ್ಟ ಬರತೈತ್ರಿ. ಇಕಿಗೆ ಬರಂಗಿಲ್ಲ. ಇಕಿ ಯಾರೋ ದೊಡ್ಡಾಕಿ ಅದಾಳ.”

ಸುಶ್ಮಿತಾ ಕಿಟಕಿಯ ಕಡೆ ತಿರುಗಿ ನಿಂತಳು. ನಕ್ಕಳೋ, ನೊಂದಳೋ, ಗೊತ್ತಾಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವಳ ಜೊತೆಯ ಟೀಚರ್ ಪ್ರಿಯಾಂಕಾ ಚಹಾ ತಂದರು. ನಾನು ಒಂದು ಕಪ್ಪಿಗೆ ಕೈಹಾಕಿದೆ.

“ಅದಲ್ರಿ! ಅದು ಸುಶ್ಮಿತಾಂದು. ಸಕ್ರಿ ಹಾಕಿಲ್ಲ. ಆಕಿ ಸಣ್ಣಾಕಿದ್ದಾಗಿಂದ ಸಕ್ರಿ ಚಾ ಮುಟ್ಟಂಗಿಲ್ಲ.”

ಸ್ಟುಡಿಯೋದಲ್ಲಿ ಪ್ರತಿ ಶನಿವಾರ ಪ್ರೀತಿಯಷ್ಟೇ ಸಕ್ಕರೆ ಸುರಿದು ಚಹಾ ಕೊಟ್ಟವನು ನಾನು. ‘ಇನ್ನಷ್ಟ ಸಕ್ರಿ?’ ಎಂದರೆ ‘ಆತ್ರಿ’ ಎಂದು ಹನಿಯುಳಿಯದಂತೆ ಕುಡಿದವಳು ಅವಳು.

“ಈ ಐತವಾರ ಲಕ್ಷ್ಮೇಶ್ವರದವ್ರು ಆಕಿನ್ನ ನೋಡಾಕ ಬರಾಕತ್ತಾರ. ನಿಮಗ ಖಬರ ಇಲ್ಲೇನು?” ಎಂದರು ಪ್ರಿಯಾಂಕಾ.

“ಅದಕ್ಕ... ಟೀಚರ್ ಏನಂದ್ರು?”

“ಏನಂತಾಳ? ಅವರವ್ವ ಕೇಳಿದ್ಲು, ಆತು ಅಂದ್ಲು.”

ಸಕ್ಕರೆ ಬೇಡದವಳಿಂದ ನನಗೆ ಸಕ್ಕರೆ ಕಾಯಿಲೆ ಬಂದಂತೆ ತಲೆ ಸುತ್ತಿತು. ಸಿಹಿ ಚಹಾಕ್ಕೆ ಆತು. ಲಕ್ಷ್ಮೇಶ್ವರಕ್ಕೆ ಆತು. ನನಗೂ ಆತು. ನನ್ನದು ಯಾವ ನಮೂನೆಯದು? ಅವಳ ಆತು ನನ್ನ ಆತಂಕವಾಯಿತು.

ನನ್ನನ್ನು ಕಳಿಸಲು ಸುಶ್ಮಿತಾ ಬಸ್ ಸ್ಟಾಪಿನ ಬೇವಿನ ಮರದವರೆಗೆ ಬಂದಳು.

“ಟೀಚರ್ರ,” ಎಂದೆ. ಹೆಡ್ ಮಾಸ್ತರನ ದನಿ ಬಂತು. ಕೆಮ್ಮಿದೆ. “ಅವತ್ತ ಒಂದ ಮಾತ ಕೇಳಿದ್ನೆಲ್ಲ...” ಈ ಸಲ ಬಂದವನು ಅಜ್ಜ.

“ಈಗ ಯಾರ ಕೇಳಾಕತ್ತಾರ?” ಸುಶ್ಮಿತಾಳ ದನಿ ನಡುಗಿತು. “ಅವತ್ತ ಕೇಳಿದ್ದ ನೀವೋ, ಕಂಡಕ್ಟರೋ? ವಾರಪೂರ್ತಿ ತಲಿ ಕೆಡಿಸಿಕೊಂಡೀನಿ, ತಿಳೀವಲ್ದು. ಮನ್ಯಾಗ ಏನ ಹೇಳ್ಲಿ? ಅವ್ವಾ, ಮುಂಡರಗಿ ಬಸ್ಸಿನ ಕಂಡಕ್ಟರ್ ನನ್ನ ಕೇಳ್ಯಾನ ಅಂತ ಹೇಳ್ಲೇನು?”

“ಮತ್ತ ನೀವ ಆತು ಅಂದದ್ದ ಯಾರಿಗೆ?”

“ಕೇಳಿದವ್ರ ಯಾರಂತ ತಿಳೀದ ನಾ ಹೆಂಗ ಹೇಳ್ಲಿ?”

ಗಂಟಲೊಳಗೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದೆ. ಕಂಡಕ್ಟರ್ ಇಳಿದ. ಹೆಡ್ ಮಾಸ್ತರ, ಅಜ್ಜ, ಕಾಗೆ ಇಳಿದರು. ಕತ್ತೆ ತುಸು ತಕರಾರು ಮಾಡಿ ಇಳಿಯಿತು. ಉಳಿದದ್ದು ಒಂದು ತೆಳ್ಳನೆಯ, ರೂಢಿಯಿಲ್ಲದ ದನಿ. ನನಗೇ ಗುರುತು ಹತ್ತಲಿಲ್ಲ.

“ನಾನು... ಭೀಮೇಶ. ಕೇಳಿದಾವ ನಾನ. ಆದ್ರ ನೀವು ನನ್ನ ಸಕ್ರಿ ಚಾ ಕುಡದಂಗ ಆತು ಅಂದಿದ್ರ, ಅದ ಬ್ಯಾಡ್ರಿ. ನಾ ಕೇಳಿದ್ದ ಮರತಬಿಡ್ರಿ. ಆತಿಲ್ರಿ?”

ಅಭ್ಯಾಸಬಲದಿಂದ ಅವಳ ತುಟಿ ‘ಆ’ ಎಂದು ತೆರೆಯಿತು. ಎಡಗಡೆಯ ಹುಬ್ಬು ಮೇಲೇರಿತು. ಈ ಸಲ ವಾಪಸು ಬರಲಿಲ್ಲ.

“ಒಲ್ಲೆ.”

ಹೇಳಿದವಳೇ ಬೆಚ್ಚಿ ಬಾಯಿಗೆ ಕೈ ಹಿಡಿದಳು. ಬೆರಳ ಸಂದಿಯಿಂದ ಇನ್ನೊಂದು ಬಂತು. ಆಮೇಲೆ ಕಟ್ಟೆಯೊಡೆದಂತೆ ಎಲ್ಲ ಬಂತು.

“ಒಲ್ಲೆ! ಮರಿಯಾಕ ಒಲ್ಲೆ! ನಿಮ್ಮ ಚಾಕ ಸಕ್ರೀನೂ ಒಲ್ಲೆ, ಕುಡದು ಕುಡದು ಸಾಕಾಗೇತಿ! ನನ್ನ ಆತವ್ವನ್ನ ಶಾಣ್ಯಾಕಿ ಮಾಡೂದೂ ಒಲ್ಲೆ. ಆಕಿ ಆಡಿನ ಕಿವಿ ಹಿಂಡೇ ಹಿಂಡತಾಳ!”

“ಹಿಂಡ್ಲಿ ಬಿಡ್ರಿ, ಬೇಕಾದ್ರ ನನ್ನ ಕಿವೀನೂ...”

“ಅದನ್ನ ಆಮ್ಯಾಲ ನೋಡೂನು.”

“ಲಕ್ಷ್ಮೇಶ್ವರದವ್ರಿಗೆ?”

“ಸಂಜೀಕ ಅವ್ವಗ ಹೇಳತೀನಿ. ಈಗ ‘ಒಲ್ಲೆ’ ಅನ್ನಾಕ ನಾಲಿಗಿ ಹೊಳ್ಳೇತಿ.”

ಬಸ್ಸು ಬಂತು. “ಗದಗ, ಗದಗ! ಹತ್ತೋರು ಹತ್ರಿ ಜಲ್ದಿ!” ಎಂದು ನಿಜವಾದ ಕಂಡಕ್ಟರ್ ಕೂಗಿದ. ಇಬ್ಬರೂ ಅವನನ್ನೇ ನೋಡಿ ನಕ್ಕೆವು. ಪಾಪ, ಏನು ತಪ್ಪು ಮಾಡಿದೆನೋ ಎಂದು ಅವನು ಅಂಗಿಯ ಗುಂಡಿ ನೋಡಿಕೊಂಡ.

“ಇನ್ನೊಮ್ಮಿ ಕೇಳ್ರಿ,” ಎಂದಳು. “ಅವನ ದನ್ಯಾಗ ಅಲ್ಲ.”

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಆ ತೆಳ್ಳನೆಯ ದನಿಯಲ್ಲೇ ಕೇಳಿದೆ.

“ಸುಶ್ಮಿತಾ, ನನ್ನ ಬಾಜೂಕ ಕುಂಡರ್ತೀರೇನು?”

ಅವಳು ‘ಆತು’ ಎನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ನನ್ನ ಕಣ್ಣನ್ನೇ ನೋಡುತ್ತ, “ಹೂಂ,” ಎಂದಳು.

ಗದಗ ಮುಟ್ಟುವವರೆಗೂ ಕಿಟಕಿಗೆ ಮುಖಮಾಡಿ ಆ ‘ಹೂಂ’ ಅನ್ನು ಅಣಕಿಸಲು ನೋಡಿದೆ. ಪಕ್ಕದ ಸೀಟಿನ ಹಿರಿಯರು ಎದ್ದು ಮುಂದೆ ಹೋಗಿ ಕೂತರು. ಕಾಗೆ ಬರುತ್ತದೆ, ಕತ್ತೆ ಬರುತ್ತದೆ, ಊರಿನ ಕಂಡಕ್ಟರುಗಳೆಲ್ಲ ಬರುತ್ತಾರೆ. ಅದೊಂದು ಮಾತ್ರ ಇವತ್ತಿಗೂ ಬಂದಿಲ್ಲ. ಬೇಕೆನಿಸಿದಾಗೆಲ್ಲ ಅವಳನ್ನೇ ಕೇಳಬೇಕು.