ಎಡಗಡೆಯ ಹಿಂದಿನ ಗಾಜು

“ಆ ಗಲಾಸ ಇಳಸಬ್ಯಾಡೋ ತಮ್ಮಾ. ಏರಿದ್ದು ಏರಿದಂಗ ಇರಲಿ.”

ಭಾಗಣ್ಣ ತಿರುಪು ಬಿಚ್ಚುವ ಪೇಚಕಸವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕ. ಸೊಲ್ಲಾಪುರದಲ್ಲಿ ಹನ್ನೆರಡು ವರ್ಷ ಮೋಟಾರು ಬಿಚ್ಚಿ ಜೋಡಿಸಿ ಬಂದವನು. ಸುರಪುರದ ರಂಗಂಪೇಟೆಯ ಹೊರಗೆ ಬಂಡೆಗಳ ನಡುವೆ ತಗಡಿನ ಶೆಡ್ಡು ಹಾಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಎಚ್ಚರಿಕೆ ಹೇಳಿದವಳು ಸೂಗಮ್ಮ. ಮೊಸರಿನ ಗಡಿಗೆ ಹೊತ್ತು ದಿನಾ ಅದೇ ದಾರಿಯಲ್ಲಿ ಬರುವ ಮುದುಕಿ. ದಿನಾ ಗಡಿಗೆ ಇಳಿಸಿ ಎರಡು ಮಾತಾಡಿ ಹೋಗುವವಳು ಇವತ್ತು ಶೆಡ್ಡಿನ ನೆರಳಿಗೂ ಬರಲಿಲ್ಲ. ಅವನ ಮುಂದಿದ್ದ ಕಪ್ಪು ಮೋಟಾರು ಕಾರನ್ನೇ ನೋಡುತ್ತ ಬಿಸಿಲಲ್ಲಿ ನಿಂತಿದ್ದಳು.

“ಯಾಕ ಆಯಿ? ಗಲಾಸ ಇಳಿದ್ರ ದೆವ್ವ ಹಾರಿ ಹೋಗ್ತದೇನು?”

“ಹಾರಿ ಹೋಗೂದಿಲ್ಲ. ಇಳಿಸಿದವರ ಮನಿ ಹೊಕ್ಕತೈತಿ. ಆ ಮನ್ಯಾಗ ಎಲ್ಲಾರಕಿಂತ ಸಣ್ಣ ಕೂಸಿನ್ನ ಹಿಡಿತೈತಿ.”

“ನಮ್ಮ ಮನ್ಯಾಗ ಒಂದು ಬೆಕ್ಕಿನ ಮರಿ ಅದ. ಹಿಡಕೊಂಡು ಹೋಗಲಿ ಬಿಡು, ದಿನಾ ಹಾಲು ಕದೀತದ.”

ಸೂಗಮ್ಮ ನಗಲಿಲ್ಲ. ಶೆಡ್ಡಿನ ಹಿಂದಿನ ಮನೆಯಿಂದ ಗೊಲ್ಲಾಳಮ್ಮನ ಹಾಡು ಕೇಳುತ್ತಿತ್ತು. ಅವಳು ಭಾಗಣ್ಣನ ಒಬ್ಬಳೇ ಮಗಳು, ಮೂರು ವರ್ಷದವಳು. ಮುದುಕಿ ಆ ದನಿ ಬಂದ ಕಡೆ ಒಮ್ಮೆ ನೋಡಿದಳು. ಆಮೇಲೆ ಗಡಿಗೆ ತುಳುಕುವಷ್ಟು ಬೇಗ ನಡೆದುಹೋದಳು.

ಮೋಟಾರು ಅರಳೆ ವ್ಯಾಪಾರದ ಸಂಗಣ್ಣ ಸಾಹುಕಾರರದು. ಹೋದ ವಾರವಷ್ಟೇ ತಾಳಿಕೋಟೆಯ ಕಡೆಯಿಂದ ಕೊಂಡು ತಂದದ್ದು. ಆ ದಾರಿಯಲ್ಲಿದ್ದ ನಿಜಾಮರ ಕಾಲದ ಗಡಿ ಸುಂಕದ ಕಟ್ಟೆ, ಕರೋಡಗಿರಿ ನಾಕಾ, ಈಗಿರಲಿಲ್ಲ. ಹೋದ ನವೆಂಬರಿನಲ್ಲಿ ಕನ್ನಡ ನಾಡೆಲ್ಲ ಒಂದಾಗುವ ಹೊತ್ತಿಗೆ ತಡೆಗೋಲನ್ನು ಯಾರೋ ಕಿತ್ತು ದನದ ಕೊಟ್ಟಿಗೆಗೆ ಹಾಕಿಕೊಂಡಿದ್ದರು. ಯಾರೂ ನಿಲ್ಲಿಸದೆ, ಯಾರೂ ಬಾಗಿಲು ತೆಗೆಸಿ ನೋಡದೆ ಮೋಟಾರು ಸುರಪುರಕ್ಕೆ ಬಂದಿತ್ತು. ಬಾಣಂತನ ಮುಗಿಸಿದ ಮಗಳು ರೇಣಮ್ಮನನ್ನು ಸಾಹುಕಾರರು ಇವತ್ತು ಮಧ್ಯಾಹ್ನ ಇದರಲ್ಲೇ ಯಾದಗಿರಿಗೆ, ಗಂಡನ ಮನೆಗೆ ಕಳಿಸಬೇಕಿತ್ತು. ಏಪ್ರಿಲ್ ತಿಂಗಳ ಬಿಸಿಲು. ಕೂಸಿಗೆ ಗಾಳಿ ಬೇಕು, ಎಡಗಡೆಯ ಹಿಂದಿನ ಆ ಒಂದು ಗಾಜು ಇಳಿಯುವ ಹಾಗೆ ಮಾಡಿಕೊಡು ಎಂದು ಹೇಳಿಹೋಗಿದ್ದರು.

ಗಾಜು ಇಳಿಸುವ ಹಿಡಿಕೆ ಕಾಲು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಭಾಗಣ್ಣ ಅದರ ಪಿನ್ನು ತಟ್ಟಿ ತೆಗೆದ. ಬಾಗಿಲಿನ ಒಳಮೈಗೆ ಹೊದಿಸಿದ್ದ ರೆಕ್ಸಿನ್ ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟ.

ವಾಸನೆ ಬಂತು. ತುಕ್ಕಿನದಲ್ಲ, ಹಳೇ ಗ್ರೀಸಿನದಲ್ಲ. ಬೇವಿನ ಸೊಪ್ಪು, ಲೋಬಾನ, ಅವುಗಳಡಿಯಲ್ಲಿ ಬಹಳ ದಿನ ಕಾಯಿಲೆ ಮಲಗಿದ ಮಗುವಿನ ಹಾಸಿಗೆಯ ಹುಳಿ ನಾತ. ಹೊರಗೆ ಬಂಡೆ ಬಿರಿಯುವ ಬಿಸಿಲಿದ್ದರೂ ಬಾಗಿಲಿನ ಹೊಟ್ಟೆಯೊಳಗೆ ಮಾತ್ರ ಕಗ್ಗತ್ತಲೆ. ಗಾಜನ್ನು ಎತ್ತಿ ಇಳಿಸುವ ಕಬ್ಬಿಣದ ತೋಳು, ಅದನ್ನು ತಿರುಗಿಸುವ ಹಲ್ಲಿನ ಚಕ್ರ ಎಲ್ಲ ಆ ಕತ್ತಲೆಯಲ್ಲೇ ಇದ್ದವು. ಮೊಣಕೈಯವರೆಗೆ ಕೈ ತೂರಿಸಿ ತಡಕಾಡಿದ.

ಏನೋ ಅವನ ತೋರುಬೆರಳನ್ನು ಹಿಡಿದುಕೊಂಡಿತು.

ಮೆತ್ತಗೆ. ಎಳೇ ಮಕ್ಕಳು ನಿದ್ದೆಗಣ್ಣಿನಲ್ಲಿ ಅವ್ವನ ಬೆರಳು ಹಿಡಿಯುವ ಹಾಗೆ.

ಸರಕ್ಕನೆ ಕೈ ಎಳೆದುಕೊಂಡ. ಬೆರಳಿಗೆ ಕರಿದಾರ ಸುತ್ತಿಕೊಂಡಿತ್ತು. “ಥೂ ಇದರ, ದಾರ!” ಎಂದು ತನ್ನನ್ನೇ ಬೈದುಕೊಂಡ. ದಾರವನ್ನು ಎಳೆದಂತೆಲ್ಲ ಹಲ್ಲಿನ ಚಕ್ರಕ್ಕೆ ಸಿಕ್ಕಿದ್ದ ಸುರುಳಿ ಬಿಚ್ಚುತ್ತ ಬಂತು. ಕೊನೆಗೆ ಹೆಬ್ಬೆರಳ ಗಾತ್ರದ ಒಂದು ಗಂಟು. ಅರಿಷಿಣದ ಬಟ್ಟೆಯೊಳಗೆ ಕೂದಲು, ಒಣಗಿದ ಬೇವಿನೆಲೆ, ಮಗುವಿನ ಉಡದಾರದ ತುಂಡು. ಚಕ್ರ ತಿರುಗದಿದ್ದುದು ಇದರಿಂದಲೇ. ಹಲ್ಲುಗಳನ್ನು ಉಜ್ಜಿದ. ತೋಳಿನ ತುದಿಯ ಉರುಳೆಯನ್ನು ಗಾಜಿನಡಿಯ ಪಟ್ಟಿಯಲ್ಲಿ ಕೂರಿಸಿದ. ಗ್ರೀಸು ಮೆತ್ತಿ, ಹಿಡಿಕೆ ಹಾಕಿ ತಿರುಗಿಸಿದ. ಬೆಣ್ಣೆಯಿಂದ ಕೂದಲು ಎಳೆದಂತೆ ಗಾಜು ಸದ್ದಿಲ್ಲದೆ ಇಳಿಯಿತು.

ಶೆಡ್ಡಿನ ಹಿಂದೆ ಹಾಡು ನಿಂತಿತು.

ಅವನಿಗೆ ಅದು ಗೊತ್ತಾಗಲಿಲ್ಲ. ತನ್ನ ಕೆಲಸಕ್ಕೆ ತಾನೇ ತಲೆದೂಗುತ್ತ ಗಂಟನ್ನು ಕೆಂಡದ ಶೇಗಡಿಗೆ ಎಸೆದ.

“ಏನ್ರೀ! ಲಗೂ ಬರ್ರಿ!” ಹೆಂಡತಿ ಮಲ್ಲಿಕಮ್ಮನ ಚೀರು. “ಗೊಲ್ಲಾಳಿ ಮೈ ಕೆಂಡ ಆಗೇದ್ರಿ!”

ಓಡಿದ. ಮಗಳು ತಾಯಿಯ ತೊಡೆಯ ಮೇಲೆ ಬಿಲ್ಲಿನಂತೆ ಬಾಗಿದ್ದಳು. ಅಂಗೈಯಲ್ಲಿ ಬೊಬ್ಬೆಗಳು ಅವನ ಕಣ್ಣೆದುರೇ ಏಳುತ್ತಿದ್ದವು. ಅವಳು ಅಪ್ಪನನ್ನು ನೋಡಿದಳು. ಆ ನೋಟ ಅವಳದಲ್ಲ. ದನಿಯೂ ಅವಳದಲ್ಲ, ಆರೇಳು ವರ್ಷದ ಬೇರೆ ಯಾರೋ ಹುಡುಗಿಯದು.

“ಕಾಕಾ, ನಾಕಾ ಬಂತೇನ್ರಿ? ಸಿಪಾಯಿ ಗಲಾಸ ಇಳಸು ಅಂದ. ನಾನೇ ಇಳಿಸಿದ್ನಿ.”

ಭಾಗಣ್ಣನಿಗೆ ಶೇಗಡಿಗೆ ಎಸೆದ ಗಂಟು ನೆನಪಾಯಿತು. ಹಿಂದಕ್ಕೆ ಓಡಿ ಇಕ್ಕಳದಿಂದ ಗಂಟನ್ನು ಕೆಂಡದಿಂದೆತ್ತಿದ. ಬಟ್ಟೆಯ ಒಂದು ಎಳೆಯೂ ಸುಟ್ಟಿರಲಿಲ್ಲ. ಮನೆಯೊಳಗೆ ಕಿರುಚಾಟ ನಿಂತಿತು. ನರಳಾಟ ನಿಲ್ಲಲಿಲ್ಲ.

ಸೂಗಮ್ಮ ತನ್ನ ಗುಡಿಸಲ ಮುಂದೆ ಕೂತಿದ್ದಳು, ಅವನು ಬಂದೇ ಬರುತ್ತಾನೆಂದು ಕಾಯುತ್ತಿದ್ದವಳ ಹಾಗೆ. ಅವನ ಅಂಗೈಯ ಗಂಟು ನೋಡಿ ಮುಖ ಅತ್ತ ತಿರುಗಿಸಿದಳು.

“ಅದನ್ನ ಕಟ್ಟಿಸಿದಾಕಿ ನಾನೇ. ಒಂಬತ್ತು ವರ್ಷ ಆತು. ನನ್ನ ಮೊಮ್ಮಗ ಸಾಯಾಕಬಿದ್ದಿದ್ದ. ಮಂತ್ರಗಾರ ಪೀಡಾ ಇಳಿಸಿ ಗಂಟಿನಾಗ ಕಟ್ಟಿದ, ಇದನ್ನ ಗಡಿ ದಾಟಸ್ರಿ ಅಂದ. ಯಾರದೋ ಮೋಟಾರ ಅವತ್ತು ಗಡಿ ದಾಟಿ ಹೊಂಟಿತ್ತು. ಗಲಾಸಿನ ಸಂದ್ಯಾಗಿಂದ ದಾರ ಕಟ್ಟಿ ಇಳಿಬಿಟ್ವಿ.” ಅವಳ ದನಿ ಇಳಿಯಿತು. “ನಾಕಾದಾಗ ಸಿಪಾಯಿ ಗಲಾಸ ಇಳಸು ಅಂದನಂತ. ಇಳಿಸಿದ್ದು ಆ ಮೋಟಾರದವರ ಹುಡುಗಿ. ಮೂರು ದಿನಕ್ಕ ಹೋತು.”

“ನಿನ್ನ ಮೊಮ್ಮಗ?”

“ಹುಣಸಗಿ ಊರಾಗ ಗಟ್ಟಿಮುಟ್ಟಿ ಅದಾನ. ಅವನ ಮಾರಿ ನೋಡಾಕ ನಾ ಹೋಗೂದಿಲ್ಲ.”

ಭಾಗಣ್ಣ ಅವಳ ಕಾಲು ಹಿಡಿದ. “ನನ್ನ ಮಗಳು, ಆಯಿ. ಒಂದ್ ದಾರಿ ಹೇಳು.”

ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು.

“ಇದ್ದಲ್ಲೇ ತಿರುಗಿ ಕಟ್ಟು. ಗಲಾಸ ಏರಸು. ಮತ್ತೊಬ್ಬರು ತಮ್ಮ ಕೈಲೆ ತಾವು ಇಳಸಬೇಕು. ಆಗ ನಿನ್ನ ಮನಿ ಬಿಡತೈತಿ. ಬಾಯಿ ಬಿಟ್ಟು ಹೇಳಿದಿ ಅಂದ್ರ ಬಿಡೂದಿಲ್ಲ. ಗಡಿ ದಾಟಸೂಣು ಅಂದ್ರ ಈಗ ಗಡೀನೂ ಇಲ್ಲ. ದಾಟಸಾಕ ಬ್ಯಾರೆಯವರ ಹೊಸ್ತಿಲ ಅಷ್ಟೇ ಐತಿ.” ಎದ್ದು ಒಳಗೆ ಹೋಗುತ್ತ ಅಂದಳು: “ನಾ ಹೇಳಿಲ್ಲ ತಮ್ಮಾ. ನೀ ಕೇಳಿಲ್ಲ.”

ಶೆಡ್ಡಿಗೆ ಬಂದು ಅವನು ಮತ್ತೆ ಮೋಟಾರಿನ ಬಾಗಿಲಿನ ಕತ್ತಲೆಯೊಳಗೆ ಕೈ ಹಾಕಿದ. ಹಲ್ಲಿನ ಚಕ್ರಕ್ಕೆ ತಾಗದಂತೆ, ಕೆಳಮೂಲೆಯಲ್ಲಿ, ಗಂಟನ್ನು ಬಿಗಿದು ಕಟ್ಟಿದ. ಕೈ ತೆಗೆಯಲು ಹೋದ. ಬರಲಿಲ್ಲ. ಬೆರಳನ್ನು ಹಿಡಿದಿತ್ತು. ಈ ಸಲ ದಾರವಲ್ಲ. ಬಿಸಿ ಇತ್ತು. ಉಗುರಿತ್ತು.

“ಬಿಡವ್ವಾ,” ಅಂದ. ಮಗಳಿಗೆ ಹೇಳುವ ದನಿಯಲ್ಲೇ ಅಂದ. “ಬಿಡು, ನಮ್ಮವ್ವ.”

ಬಿಡಲಿಲ್ಲ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಹಲಗೆ ಕೂರಿಸಿದ. ಹಿಡಿಕೆ ಹಾಕಿದ. ಗಾಜು ಏರಿಸಿದ. ಕೈಯನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದ. ಅಷ್ಟರಲ್ಲಿ ಸಾಹುಕಾರರ ಟಾಂಗಾ ಬಂತು. ಸಾಹುಕಾರರು, ಮಗಳು, ಡ್ರೈವರ್ ಇಳಿದರು.

“ಏನಪಾ ಉಸ್ತಾದ, ಆತೇನು?”

“ಆಗೇದ್ರಿ.”

“ಮತ್ತ ಏರಿಸಿ ಇಟ್ಟೀದಿ?”

“ಧೂಳ ಹೊಕ್ಕತದಂತ...”

ಡ್ರೈವರ್ ಮುಂದೆ ಕೂತ. ರೇಣಮ್ಮ ಹಿಂದೆ, ಎಡಗಡೆಗೇ ಕೂತಳು. ಮಡಿಲಲ್ಲಿ ಕೆಂಪು ಕುಂಚಿಗೆ ಕಟ್ಟಿದ ಕೂಸು. ಹಾಲು ಕುಡಿದ ತುಟಿ ನಿದ್ದೆಯಲ್ಲೂ ಚೀಪುತ್ತಿತ್ತು. “ಯಪ್ಪಾ, ಏನ್ ಸೆಕಿ,” ಎಂದು ಅವಳು ಹಿಡಿಕೆಯ ಮೇಲೆ ಕೈ ಇಟ್ಟಳು.

ಒಂದು ಮಾತು. ಬ್ಯಾಡವ್ವಾ. ಅಷ್ಟೇ ಸಾಕಿತ್ತು. ಹಿಂದಿನ ಮನೆಯಿಂದ ನರಳಾಟ ಕೇಳಿತು. ಬಾಯಿ ಮುಚ್ಚಿಕೊಂಡಿತು.

ಹಿಡಿಕೆ ತಿರುಗಿತು. ಒಂದು ಸುತ್ತು. ಸದ್ದೇ ಇಲ್ಲ. ಎರಡು. ಅವನೇ ಹಚ್ಚಿದ ಗ್ರೀಸು. ಮೂರು. ನರಳಾಟ ಸಣ್ಣದಾಯಿತು. ನಾಲ್ಕು. ಗಾಜು ಪೂರಾ ಇಳಿಯಿತು.

“ಯವ್ವಾ, ನೀರು,” ಎಂದಳು ಒಳಗಿನಿಂದ ಗೊಲ್ಲಾಳಮ್ಮ. ಅವಳದೇ ದನಿ.

“ಎಷ್ಟ್ ಹಗೂರ ಮಾಡೀದಿ ಅಣ್ಣಾ,” ಎಂದಳು ರೇಣಮ್ಮ. “ನಿನ್ನ ಕೈ ತಣ್ಣಗಿರಲಿ.”

ಮೋಟಾರು ಹೊರಟಿತು. ಹತ್ತು ಮಾರು ಹೋಗುವುದರೊಳಗೆ ಭಾಗಣ್ಣನ ಕಾಲುಗಳು ತಾವಾಗಿಯೇ ಓಡತೊಡಗಿದವು. ಕೈ ಬೀಸಿದ. ಬಾಯಿ ತೆರೆದ. ದನಿ ಹೊರಡಲಿಲ್ಲ. ರೇಣಮ್ಮ ತಿರುಗಿ ನೋಡಿದಳು. ತನ್ನನ್ನು ಬೀಳ್ಕೊಡುತ್ತಿದ್ದಾನೆಂದು ತಿಳಿದು ನಕ್ಕಳು. ಕೂಸಿನ ಎಳೇ ಕೈ ಹಿಡಿದು ಕಿಟಕಿಯ ಹೊರಗೆ ಚಾಚಿ, ಅವನ ಕಡೆಗೆ ಮೆಲ್ಲಗೆ ಆಡಿಸಿದಳು.

ಧೂಳು ಇಳಿಯುವವರೆಗೂ ಅವನು ರಸ್ತೆಯಲ್ಲೇ ನಿಂತಿದ್ದ.

ಮಲ್ಲಿಕಮ್ಮ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. “ನೋಡ್ರಿ, ಜರ ಪೂರಾ ಇಳಿದದ. ನಿಮ್ಮ ಹಂತ್ಯಾಕ ಬರ್ತೀನಿ ಅನ್ನಾಕತ್ತಾಳ. ತಗೋರ್ರಿ.”

ಗೊಲ್ಲಾಳಮ್ಮ ಎರಡೂ ತೋಳು ಚಾಚಿದಳು.

ಭಾಗಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬ್ಯಾಡ,” ಅಂದ. “ಕೈ ಹೊಲಸಾಗ್ಯಾವ.”