ಜಡ್ಡುಗಟ್ಟಿದ ಅಂಗೈ

“ಇದು ಪಂಜಾ ಹಿಡಿದ ಕೈ!”

ಮೊಮ್ಮಗಳ ಅಂಗೈಗೆ ಮದರಂಗಿ ಹಚ್ಚಲು ಕುಳಿತಿದ್ದ ರಹೀಮಾಬಿ ಹೀಗೆ ಚೀರಿದ್ದೇ ತಡ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಖಾತುನಬಿ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿ ಬಂದಳು. ಮುದುಕಿ ಜೈನಬಿಯ ಬಲಗೈಯನ್ನು ಬೆಳಕಿಗೆ ಹಿಡಿದು, ಕಿರುಬೆರಳಿನ ಬುಡದಲ್ಲಿ ಗಟ್ಟಿಯಾಗಿ ಎದ್ದ ಜಡ್ಡನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಹದಿನೇಳರ ಆ ಹುಡುಗಿ ಕೈ ಬಿಡಿಸಿಕೊಳ್ಳಲಾರದೆ ತಾಯಿಯ ಮುಖ ನೋಡಿದಳು. ಈ ಮನೆಯವರು ತಮ್ಮತಮ್ಮಲ್ಲಿ ಆಡುವುದು ಉರ್ದು. ಆದರೆ ಜಗಳಕ್ಕೆ ನಿಂತರೆ ರಹೀಮಾಬಿಗೆ ಕನ್ನಡವೇ ಬೇಕು, ಓಣಿಗೆಲ್ಲ ತಿಳಿಯಬೇಕಲ್ಲ!

“ಖಾತುನಾ, ಮುಂದ ಬಾ. ನಿನ್ನ ಕೈ ಚಾಚು.”

ಖಾತುನಬಿ ಹಿಟ್ಟು ಒರೆಸಿಕೊಂಡು ಕೈ ಚಾಚಿದಳು. ಮುದುಕಿ ಎರಡೂ ಅಂಗೈಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟಳು. ಅದೇ ಜಾಗ, ಅದೇ ಜಡ್ಡು!

“ಎರಡೂ ಒಂದ ಕೈ ಆಗ್ಯಾವಲ್ಲ! ಈ ಮನಿಗೆ ಬಂದ ದಿನ ಮಗ್ಗದ ಮುಂದ ನಿಂತು ನನಗೇನ ಮಾತ ಕೊಟ್ಟಿದ್ದಿ? ಹೇಳು! ಕದ್ದು ಕಲಿಸಿದೇನು ಮಗಳಿಗೆ?”

ಓದುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನವಲಗುಂದದ ಆ ಮನೆಯಲ್ಲಿ ಜಮಖಾನೆ ನೇಯುವುದು ಹೆಂಗಸರ ಕಸುಬು. ಒಳಕೋಣೆಯಲ್ಲಿ ಪರದೆಯ ಹಿಂದೆ ಮಗ್ಗ. ಎಳೆಗಳನ್ನು ಬಡಿದು ಕೂಡಿಸುವ ಕಬ್ಬಿಣದ ಹಣಿಗೆಗೆ ಪಂಜಾ ಎನ್ನುತ್ತಾರೆ. ಅದನ್ನು ಹಿಡಿದು ಹಿಡಿದು ಆ ಮನೆಯ ಸೊಸೆಯಂದಿರ ಅಂಗೈ ಕಲ್ಲಾಗುತ್ತದೆ. ಸೊಸೆಯಂದಿರದು ಮಾತ್ರ, ಹೆತ್ತ ಹೆಣ್ಣುಮಕ್ಕಳದಲ್ಲ! ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಅವಳ ಬೆನ್ನಹಿಂದೆ ಕಸುಬೂ ಹೊರಟುಹೋಗುತ್ತದೆ ಎಂಬ ಭಯ. ರಹೀಮಾಬಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಜಮೀಲಾಬಿಗೂ ಒಂದು ಎಳೆ ಕಲಿಸದೆ ಅಣ್ಣಿಗೇರಿಗೆ ಕೊಟ್ಟು ಮದುವೆ ಮಾಡಿದವಳು. ಚಿಕ್ಕವಳಿದ್ದಾಗ ಜೈನಬಿ ಒಮ್ಮೆ ಪರದೆಯ ಸಂದಿನಿಂದ ಇಣುಕಿದ್ದಕ್ಕೆ ಬೆನ್ನ ಮೇಲೆ ಏಟು ತಿಂದಿದ್ದಳು. ಆ ದಿನದಿಂದ ಅವಳು ಆ ಕೋಣೆಯ ಕಡೆ ಮುಖ ಮಾಡಲಿಲ್ಲ.

ಹಾಗಾದರೆ ಆ ಜಡ್ಡು ಎಲ್ಲಿಂದ ಬಂತು? ಊರಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದಿದ್ದುದು ಆ ಮುದುಕಿಗೊಬ್ಬಳಿಗೆ. ಅವಳ ಮಗ, ಅಂದರೆ ಜೈನಬಿಯ ತಂದೆ ಇಸ್ಮಾಯಿಲಸಾಬ, ಅಧಿಕಾರಿಗಳ ಕ್ಲಬ್ಬಿನಲ್ಲಿ ಟೆನಿಸ್ ಮಾರ್ಕರ್. ಎರೆಭೂಮಿ ಬಿರಿಯುತ್ತದೆಂದು ಕಲಘಟಗಿ ಕಡೆಯ ದುಮ್ಮವಾಡದಿಂದ ಟ್ರ್ಯಾಕ್ಟರಿನಲ್ಲಿ ಕೆಂಪು ಮಸಾರಿ ಮಣ್ಣು ತರಿಸಿ ಹಾಸಿದ ಅಂಗಣ ಅದು. ಅದಕ್ಕೆ ನೀರು ಹೊಡೆದು, ರೋಲರು ಎಳೆದು, ಸುಣ್ಣದ ಗೆರೆ ಹಾಕಿ ಬಲೆ ಕಟ್ಟುವುದು ಅವನ ಕೆಲಸ. ಜೊತೆಗಾರರು ಬಾರದಿದ್ದರೆ ಸಾಹೇಬರ ಎದುರು ಆಡಿ, ಅವರಿಗೆ ಬೇಸರವಾಗದಂತೆ ಸೋಲುವುದೂ ಅವನ ಕೆಲಸವೇ! ಹೊಟ್ಟೆಪಾಡಿಗಾಗಿ ಇಷ್ಟು ಚೆಂದವಾಗಿ ಸೋಲುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಜೈನಬಿ ಅಲ್ಲೇ ಆಟ ಕಲಿತಳು. ಸೋಲುವುದನ್ನು ಮಾತ್ರ ಕಲಿಯಲಿಲ್ಲ. ಕಾಲುವೆ ಇಲಾಖೆಯ ಎಂಜಿನಿಯರ್ ಶಂಭುಲಿಂಗಪ್ಪನವರನ್ನು ಹದಿನಾಲ್ಕರ ವಯಸ್ಸಿಗೇ ಬೆವರಿಳಿಸಿ ಸೋಲಿಸಿದಳು. ಅವರು ದೊಡ್ಡ ಮನಸ್ಸಿನವರು. ತಮ್ಮ ರಾಕೆಟ್ಟನ್ನೇ ಅವಳಿಗೆ ಕೊಟ್ಟರು. ಧಾರವಾಡ, ಬೆಳಗಾವಿಗಳ ಪಂದ್ಯಗಳಿಗೆ ತಮ್ಮ ಹೆಂಡತಿ ಜೊತೆಯಲ್ಲಿ ಕರೆದೊಯ್ದರು. ಮನೆಯಲ್ಲಿ ಮುದುಕಿಗೆ ಹೇಳಿದ್ದು ಖಾತುನಬಿಯ ತಂಗಿಯ ಮನೆಯ ನೆಪ, “ಜೈನಾ ಖಾಲಾನ ಮನಿಗೆ ಹೋಗ್ಯಾಳ.”

ಈಗ ಆ ಸುಳ್ಳೆಲ್ಲ ಒಂದು ಅಂಗೈ ಮೇಲೆ ಬಂದು ನಿಂತಿತ್ತು. ಖಾತುನಬಿ ಏನು ಹೇಳಬೇಕು? ‘ಇದು ಮಗ್ಗದ ಜಡ್ಡಲ್ಲ, ಆಟದ ಜಡ್ಡು’ ಎಂದರೆ ಇಂದೇ ಮಗಳ ಆಟ ಮುಗಿಯುತ್ತದೆ. ಬಿಳಿ ಲಂಗ ತೊಟ್ಟು ಊರ ಜನರೆದುರು ಓಡುವ ಮೊಮ್ಮಗಳನ್ನು ರಹೀಮಾಬಿ ಹೊಸ್ತಿಲು ದಾಟಲು ಬಿಟ್ಟಾಳೆಯೇ? ಅದೂ ಈಗ... ಪುಣೆಯಿಂದ ಕರೆ ಬಂದಿರುವಾಗ! ಗೆದ್ದವರಿಗೆ ಹಣ ಕೊಡುವ ದೊಡ್ಡ ಪಂದ್ಯ. ಪರದೇಶದ ಹುಡುಗಿಯರೂ ಬರುತ್ತಾರೆ. ಮೊದಲ ಆಟವೇ ಇಟಲಿಯ ಹುಡುಗಿಯ ಮೇಲೆ. ‘ಅಲ್ಲಿ ಆಡಿದಳಂದ್ರ ಆಟವೇ ಅಕಿ ಉದ್ಯೋಗ ಆಕ್ಕೇತಿ’ ಎಂದು ಎಂಜಿನಿಯರ್ ಸಾಹೇಬರು ಹೇಳಿ ಇನ್ನೂ ವಾರವಾಗಿರಲಿಲ್ಲ.

“ಅಮ್ಮಾ...” ಎಂದು ಜೈನಬಿ ಬಾಯಿ ತೆರೆದಳು.

“ಸುಮ್ಮನಿರು ನೀ!” ಎಂದು ಗದರಿ ಖಾತುನಬಿ ಅತ್ತೆಯ ಕಣ್ಣಿಗೆ ಕಣ್ಣಿಟ್ಟು ಹೇಳಿದಳು, “ಹೌದ್ರಿ ಅತ್ತಿ. ನಾನ ಕಲಿಸೀನಿ.”

ಅಯ್ಯೋ, ಎಂಥ ಸುಳ್ಳು! ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಕೊಟ್ಟ ಮಾತಿನಲ್ಲಿ ಕೂದಲೆಳೆಯಷ್ಟೂ ತಪ್ಪದ ಹೆಣ್ಣುಮಗಳು, ಮಾಡದ ತಪ್ಪನ್ನು ಹೀಗೆ ಮೈಮೇಲೆ ಎಳೆದುಕೊಂಡಳು. ಪಡಸಾಲೆಯ ಮೂಲೆಯಲ್ಲಿ ಎಲ್ಲ ಕೇಳುತ್ತ ಕುಳಿತಿದ್ದ ಇಸ್ಮಾಯಿಲಸಾಬ ಏನು ಮಾಡಿದ? ಕೆಮ್ಮಿದ! ಟೋಪಿ ಸರಿ ಮಾಡಿಕೊಂಡು ಕ್ಲಬ್ಬಿಗೆ ಹೊರಟ. ಅವನನ್ನು ಬೈದು ಫಲವಿಲ್ಲ, ಸೋಲುವ ಅಭ್ಯಾಸ ಮೈಗಂಟಿದವನು.

ಅಂದಿನಿಂದ ಖಾತುನಬಿಗೆ ಮಗ್ಗ ಹರಾಮಾಯಿತು. ಪರದೆಯೊಳಗೆ ಕಾಲಿಡಬಾರದು, ಪಂಜಾ ಮುಟ್ಟಬಾರದು. ಮಗ್ಗದ ಮೇಲೆ ನವಿಲಿನ ಜಮಖಾನೆ ಅರ್ಧಕ್ಕೆ ಬಂದಿತ್ತು, ಅದರ ಒಂದು ನವಿಲಿಗೆ ಇನ್ನೂ ಕುತ್ತಿಗೆ ಮೂಡಿರಲಿಲ್ಲ. ಇಬ್ಬರು ಅಕ್ಕಪಕ್ಕ ಕುಳಿತು ನೇಯುವ ಮಗ್ಗದ ಮುಂದೆ ಮುದುಕಿ ಒಬ್ಬಳೇ ಕುಳಿತು ಆ ತುದಿಗೊಮ್ಮೆ ಈ ತುದಿಗೊಮ್ಮೆ ಸರಿದು ಎಳೆ ಹಾಕಿದಳು. ನಡು ನೋಯುತ್ತಿದ್ದರೂ ಸೊಸೆಯನ್ನು ಕರೆಯಲಿಲ್ಲ. ಖಾತುನಬಿ ಒಲೆಯ ಮುಂದೆ ಕುಳಿತು ಒಳಗಿನ ಸದ್ದು ಕೇಳುತ್ತ ಕಣ್ಣೀರು ಸುರಿಸಿದಳು. ಆ ಸದ್ದಿನಲ್ಲೇ ಅವಳ ಹರೆಯ ಕಳೆದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳು. ಆದರೆ ರಹೀಮಾಬಿ ಲೆಕ್ಕದಲ್ಲಿ ಪಕ್ಕಾ ಹೆಂಗಸು. ಮೊಮ್ಮಗಳಿಗೆ ಕಸುಬು ಬಂದುಬಿಟ್ಟಿದೆ ಅಂದಮೇಲೆ ಅವಳನ್ನು ಹೊರಗೆ ಕೊಡುವಂತಿಲ್ಲ! ಜಮೀಲಾಬಿಯ ಮಗ ಅಬ್ದುಲಮಜೀದನಿಗೆ ಕೊಟ್ಟು ಮದುವೆ ಮಾಡಿ, ಅವನನ್ನು ಇಲ್ಲೇ ಮನೆಯಳಿಯನನ್ನಾಗಿ ಇಟ್ಟುಕೊಂಡರೆ ಕಸುಬು ಮನೆಯಲ್ಲೇ ಉಳಿಯುತ್ತದೆ. ಜಮೀಲಾಬಿಗೆ ಹೇಳಿ ಕಳಿಸಿ, ಬರುವ ಶುಕ್ರವಾರವೇ ಮಂಗನಿ, ಅಂದರೆ ನಿಶ್ಚಿತಾರ್ಥ, ಎಂದು ಗೊತ್ತುಮಾಡಿದಳು. ಪುಣೆಗೆ ಹೊರಡಬೇಕಾದ ದಿನವೂ ಅದೇ ಶುಕ್ರವಾರ!

“ಅಮ್ಮಾ, ನಾ ಖರೆ ಹೇಳಿಬಿಡ್ತೀನಿ,” ಎಂದು ಜೈನಬಿ ಹಿತ್ತಲಿನಲ್ಲಿ ತಾಯಿಯ ಸೆರಗು ಹಿಡಿದಳು. “ನಿನ್ನ ಮಗ್ಗದಿಂದ ಎಬ್ಬಿಸಿ ನಾ ಆಟ ಆಡ್ಲಿ?”

“ಹೇಳಿದ್ರ ಎರಡೂ ಹೊಕ್ಕಾವ ಹುಡುಗಿ, ಮಗ್ಗಾನೂ ಆಟಾನೂ...”

“ಸುಮ್ಮನಿದ್ರ ಉಳದಾವೇನು? ಶುಕ್ರವಾರ ನನ್ನ ಕೊರಳಿಗೆ ಬಿತ್ತಲ್ಲ!”

ಖಾತುನಬಿ ಮಗಳನ್ನು ತಬ್ಬಿಕೊಂಡು ಅತ್ತಳು.

ಶುಕ್ರವಾರ ಬಂತು. ಜಮೀಲಾಬಿ ಸಕ್ಕರೆ, ಹೂವು, ಹಸಿರು ಬಳೆಗಳ ತಟ್ಟೆ ಹೊತ್ತು ಅಣ್ಣಿಗೇರಿಯ ಬಸ್ಸಿಳಿದಳು. ಪಡಸಾಲೆ ತುಂಬ ಓಣಿಯ ಹೆಂಗಸರು. ರಹೀಮಾಬಿ ಆ ದಿನ, ಹಿಂದೆಂದೂ ಮಾಡದ ಕೆಲಸ ಮಾಡಿದಳು. ಎಲ್ಲರೆದುರು ಮಗ್ಗದ ಪರದೆ ಸರಿಸಿದಳು!

“ಬಾ ಜೈನಾ, ಕೂಡು. ಇವತ್ತಿನಿಂದ ಈ ಜಾಗಾ ನಿಂದು. ನಿನ್ನ ಅತ್ತಿ ನೋಡ್ಲಿ, ನಾಕ ಎಳಿ ಹಾಕು.”

ಜೈನಬಿ ಹೋಗಿ ಹಲಗೆಯ ಮೇಲೆ ಕುಳಿತಳು. ಹತ್ತಿರದಿಂದ ಆ ಮಗ್ಗವನ್ನು ಅವಳು ಕಂಡಿದ್ದು ಅದೇ ಮೊದಲು. ಕೆಂಪು, ಹಸಿರು, ಹಳದಿ ಎಳೆಗಳು... ಬಾಲ್ಯದಲ್ಲಿ ಎಷ್ಟು ಆಸೆಪಟ್ಟಿದ್ದಳು ಇಲ್ಲಿ ಕೂಡಲು! ಅಜ್ಜಿ ಪಂಜಾ ಎತ್ತಿ ಕೈಗೆ ಕೊಟ್ಟಳು. ಅಡುಗೆಮನೆಯ ಬಾಗಿಲಿನಲ್ಲಿ ತಾಯಿ ನಿಂತಿದ್ದಳು. ಅವಳ ಜಾಗದಲ್ಲಿ ತಾನು ಕುಳಿತಿದ್ದೇನೆ ಎಂಬುದು ಹೊಳೆದದ್ದೇ ಜೈನಬಿಯ ಮೈ ಉರಿದುಹೋಯಿತು. ಪಂಜಾವನ್ನು ಹಲಗೆಯ ಮೇಲಿಟ್ಟು ಎದ್ದು ನಿಂತಳು.

“ನನಗ ಬರೂದಿಲ್ಲ ದಾದಿ,” ಎಂದಳು ಅಜ್ಜಿಗೆ.

“ಏನಂದಿ?”

“ನೇಯಾಕ ಬರೂದಿಲ್ಲ. ಯಾರೂ ಕಲಿಸಿಲ್ಲ. ಅಮ್ಮ ನಿಮಗ ಕೊಟ್ಟ ಮಾತು ಮುರದಿಲ್ಲ! ಈ ಜಡ್ಡು ಟೆನಿಸ್ ಆಡಿ ಬಿದ್ದದ್ದು.”

ಅವಳು ಜೋಳದ ಕಣಜದ ಹಿಂದಿನಿಂದ ರಾಕೆಟ್ಟು ತಂದು ಅಜ್ಜಿಯ ಮುಂದೆ ಹಿಡಿದಳು. ರಹೀಮಾಬಿ ಅದರ ಜರಡಿಯಂಥ ಹೆಣಿಗೆಯ ಮೇಲೆ ಬೆರಳಾಡಿಸಿದಳು.

“ಈ ಸಾಣಿಗಿ ಹಿಡಕೊಂಡು... ಗಂಡಸರ ಮುಂದ?”

“ಹೌದು, ಮುಂದ. ಬಿಳಿ ಲಂಗ ಹಾಕ್ಕೊಂಡು. ಧಾರವಾಡದಾಗ ಆಡೀನಿ, ಬೆಳಗಾಂವ್ಯಾಗ ಗೆದ್ದೀನಿ. ಇವತ್ತ ಪುಣೆಕ್ಕ ಹೊಂಟೀನಿ.”

ಜಮೀಲಾಬಿ ತಟ್ಟೆ ಎತ್ತಿಕೊಂಡು ಎದ್ದಳು. “ನಮ್ಮ ಮಜೀದಗ ಇಂಥಾಕಿ ಬ್ಯಾಡವಾ...” ಎನ್ನುತ್ತ ಬುರ್ಖಾ ಸರಿಪಡಿಸಿಕೊಂಡು ಹೊರಬಿದ್ದಳು. ಒಬ್ಬೊಬ್ಬರಾಗಿ ಓಣಿಯ ಹೆಂಗಸರೂ ಹೋದರು. ರಹೀಮಾಬಿ ಸೊಸೆಯ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚು ದಿಗಿಲಿತ್ತು.

“ಹಂಗಾದ್ರ ನೀ ಯಾಕ ಹೌದಂದಿ? ನಾ ನಿನ್ನ ಮಗ್ಗದಿಂದ ಎಬ್ಬಿಸಿದ್ನೆಲ್ಲ ಖಾತುನಾ... ಯಾಕ ಹೌದಂದಿ?”

ಖಾತುನಬಿ ಹೊಸ್ತಿಲು ದಾಟಿ ಒಳಗೆ ಬಂದಳು. ಇಷ್ಟು ವರ್ಷ ತಲೆ ತಗ್ಗಿಸಿಕೊಂಡೇ ಮಾತಾಡಿದವಳು ಅಂದು ತಲೆ ಎತ್ತಿದಳು.

“ಸುಳ್ಳ ಹೇಳಿದ್ರ ನನ್ನ ಮಗ್ಗದಿಂದ ಎಬ್ಬಸ್ತಿದ್ರಿ. ಖರೆ ಹೇಳಿದ್ರ ಅಕಿನ್ನ ಆಟದಿಂದ ಎಬ್ಬಸ್ತಿದ್ರಿ. ನಂದು ಹೋದ್ರ ಹೋಗ್ಲಿ ಅಂದೆ. ತಪ್ಪೇನ್ರಿ ಅತ್ತಿ?”

“ತಪ್ಪು! ದೊಡ್ಡ ತಪ್ಪು! ಅಕಿ ಈ ಹೊಸ್ತಿಲಾ ದಾಟಿದ್ರ ಮತ್ತ ಈ ಮನಿಗೆ ಬರೂದು ಬ್ಯಾಡ.”

“ಹಂಗಾರ ಇಬ್ಬರೂ ದಾಟ್ತೀವಿ. ಹರೇದ ಹುಡುಗಿನ್ನ ಒಬ್ಬಾಕಿನ್ನ ಕಳಿಸಾಂಗಿಲ್ಲ ನಾ.”

“ಮಗ್ಗದ ಮ್ಯಾಲಿನ ಜಮಖಾನಿ?”

“ನೀವ ಎಬ್ಬಿಸೀರಿ, ನಾ ಎದ್ದೀನಿ.”

ಆಗ ಬಾಗಿಲ ಬಳಿ ನಿಂತಿದ್ದ ಇಸ್ಮಾಯಿಲಸಾಬ ಒಳಗೆ ಬಂದ. ಕೆಮ್ಮುತ್ತಾನೆ ಎಂದುಕೊಂಡೆವಲ್ಲವೇ? ಇಲ್ಲ. “ಅಮ್ಮಾ, ಅಕಿಗೆ ಆಟ ಕಲಿಸಿದಾಂವ ನಾನು,” ಎಂದ. ಅಷ್ಟಕ್ಕೇ ಮಾತು ನಿಲ್ಲಿಸಲಿಲ್ಲ. “ಬೈಯೂದಿದ್ರ ನನಗ ಬೈ. ನಾ ಇಲ್ಲೇ ಇರ್ತೀನಿ, ನಿನಗ ರೊಟ್ಟಿ ಮಾಡಿ ಹಾಕ್ತೀನಿ. ಅವರನ್ನ ಬಿಡು.” ಹೆಂಡತಿಯ ಗಂಟನ್ನು ತಾನೇ ಹೊತ್ತು ಬಸ್‌ಸ್ಟ್ಯಾಂಡಿನ ತನಕ ನಡೆದ.

ಪುಣೆಯ ಆ ಅಂಗಣದಲ್ಲಿ ಕಪ್ಪು ಬುರ್ಖಾದ ಹೆಂಗಸು ಅವಳೊಬ್ಬಳೇ. ಜನ ತಿರುತಿರುಗಿ ನೋಡಿದರು. ನೋಡಲಿ! ಖಾತುನಬಿ ಮುಂದಿನ ಸಾಲಿನಲ್ಲೇ ಕುಳಿತಳು. ಇಟಲಿಯ ಹುಡುಗಿಗೂ ಜೈನಬಿಯದೇ ವಯಸ್ಸು. ಆದರೆ ಉದ್ದನೆಯ ತೋಳು, ಹೊಡೆದ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಮೊದಲ ಸೆಟ್ಟು ಅವಳ ಪಾಲಾಯಿತು. ಎರಡನೆಯದನ್ನು ಜೈನಬಿ ಹಲ್ಲು ಕಚ್ಚಿ ಕಸಿದುಕೊಂಡಳು. ಮೊಣಕಾಲು ತರಚಿ ರಕ್ತ ಬಂದರೂ ಕುಂಟುತ್ತ ಓಡಿದಳು. ಮೂರನೆಯ ಸೆಟ್ಟಿನ ಕೊನೆಯ ಚೆಂಡು ಗೆರೆಯಿಂದ ಹೊರಗೆ ಬಿತ್ತು... ಸೋತಳು. ತಾಯಿಯ ಬಳಿ ಬಂದು ಮುಖ ಮುಚ್ಚಿಕೊಂಡು ಬಿಕ್ಕಿದಳು, “ಇಷ್ಟೆಲ್ಲಾ ಮಾಡಿ ಸೋತ್ನೆಲ್ಲಮ್ಮ...” ಖಾತುನಬಿ ಬುರ್ಖಾದ ಅಂಚಿನಿಂದ ಅವಳ ಮೊಣಕಾಲಿನ ರಕ್ತ ಒರೆಸಿದಳು. ಆದರೆ ಆ ಆಟ ನೋಡಿದ ಪುಣೆಯ ತರಬೇತುದಾರರು ಅವಳನ್ನು ಬಿಡಲಿಲ್ಲ. ತಮ್ಮಲ್ಲೇ ಇದ್ದು ಕಲಿಯಲಿ, ಮುಂದಿನ ಪಂದ್ಯ ಮದ್ರಾಸಿನಲ್ಲಿ, ಅಲ್ಲಿಯೂ ಆಡಿಸುತ್ತೇವೆ ಎಂದರು.

ಬಟ್ಟೆಬರೆ ಒಯ್ಯಲು ತಾಯಿ ಮಗಳು ನವಲಗುಂದಕ್ಕೆ ಬಂದಾಗ ಮನೆಯ ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ರಹೀಮಾಬಿ ಮಗ್ಗದ ಮುಂದಿದ್ದಳು. ಹೆಜ್ಜೆಯ ಸದ್ದಿಗೆ ಅವಳ ಕೈ ನಿಂತಿತು, ತಲೆ ಮಾತ್ರ ಎತ್ತಲಿಲ್ಲ.

ಖಾತುನಬಿ ಪಡಸಾಲೆಯಲ್ಲೇ ನಿಂತು ಹೇಳಿದಳು, “ಅತ್ತಿ, ಜೈನಾ ಪುಣೆದಾಗ ಉಳೀತಾಳ. ಮುಂದ ಮದ್ರಾಸಿಗೆ ಹೋಗ್ತಾಳ, ನಾನೂ ಜೋಡಿ ಹೊಕ್ಕೀನಿ. ನಿಮ್ಮನ್ನ ಕೇಳಾಕ ಬಂದಿಲ್ರಿ. ಹೇಳಾಕ ಬಂದೀವಿ.”

ಒಳಗೆ ನಿಂತಿದ್ದ ಪಂಜಾ ಮತ್ತೆ ಎರಡು ಸಲ ಬಡಿಯಿತು.

“ಗೆದ್ದಳೇನು?” ಎಂದು ಒಳಗಿನಿಂದ ಕೇಳಿತು.

“ಇಲ್ಲ ದಾದಿ, ಸೋತೆ,” ಎಂದಳು ಜೈನಬಿ.

“ಯಾರ ಮ್ಯಾಲೆ?”

“ಇಟಲಿ ಅಂತ ಒಂದ ದೇಶ ಐತಿ. ಅಲ್ಲಿ ಹುಡುಗಿ.”

“ಸೋತು ಬಂದು ಇಷ್ಟ ಸೊಕ್ಕು ನಿಮ್ಮ ಅಮ್ಮಗ!” ಮುದುಕಿ ಎಳೆಯೊಂದನ್ನು ಎಳೆದು ಬಿಗಿ ಮಾಡಿದಳು. “ಅಕಿ, ಆ ಇಟಲಿಯಾಕಿ... ಮದ್ರಾಸಿಗೂ ಬರ್ತಾಳೇನು?”

“ಬರ್ತಾಳ.”

“ಹಂಗಾರ ಹೋಗು.”

ಜೈನಬಿ ಅಳುತ್ತ ಒಳಗೆ ಓಡಿದಳು. ಅಜ್ಜಿ ಅವಳನ್ನು ಒಂದು ಕೈಯಿಂದ ಆಚೆ ತಳ್ಳಿದಳು. “ಅಳಬ್ಯಾಡ ಸುಮ್ಮನ! ಈ ಸಲಾನೂ ಅಕಿ ಮ್ಯಾಲೆ ಸೋತು ಬಂದಿ ಅಂದ್ರ ನೋಡು, ಬಾಗಲಾ ತೆಗ್ಯಾಂಗಿಲ್ಲ ನಾ!”