ಶಂಕ್ರೆಪ್ಪನ ವಲ್ಲಿ

ಗೋಡೆಯ ಮೇಲೆ ಪ್ರೊಜೆಕ್ಟರ್ ಮೂಡಿಸಿದ ಆ ಕೈಯನ್ನು ದುರ್ಗಾ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಬೆರಳುಗಳೆಲ್ಲ ಹೆಗಲ ಮೇಲಿನ ಬಟ್ಟೆಯ, ವಲ್ಲಿಯ, ಮರೆಯಲ್ಲಿದ್ದವು. ಹೊರಗೆ ಕಾಣುತ್ತಿದ್ದದ್ದು ಮುಂಗೈ ಮಾತ್ರ, ಅದರ ಮೇಲೆ ಹೋರಿ ತಿವಿದ ಹಳೆಯ ಕಲೆ.

ಚಿತ್ರದ ತಲೆಯ ಮೇಲೆ ದಪ್ಪ ಅಕ್ಷರಗಳಿದ್ದವು: ‘ಪಾರದರ್ಶಕತೆ ಇಲ್ಲದ ವ್ಯಾಪಾರ – ದಲಾಲರ ಮೋಸ.’

ದುರ್ಗಾ ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಕಾಂ ಕೊನೆಯ ವರ್ಷ, ಜೊತೆಗೆ ಕಾಮರ್ಸ್ ಅಸೋಸಿಯೇಷನ್ ಸೆಕ್ರೆಟರಿ. ಬೆಳಗಾವಿಯ ಕಾಮರ್ಸ್ ಫೆಸ್ಟಿನಲ್ಲಿ ದನದ ಸಂತೆಯ ವ್ಯಾಪಾರದ ಬಗ್ಗೆ ಪೇಪರ್ ಮಂಡಿಸಲು ಕಾಲೇಜು ಇಬ್ಬರನ್ನು ಆರಿಸಿತ್ತು, ಅವಳನ್ನು ಮತ್ತು ಯರಗಟ್ಟಿಯಲ್ಲಿ ರೈತರ ಕಾಳು ಹರಾಜು ಹಾಕಿ ಮಾರುವ ಅಡತ್ ಅಂಗಡಿಯವರ ಮಗ ಕಲ್ಮೇಶನನ್ನು. ಸ್ಲೈಡ್ ಅವನದು, ಮಾತು ಅವಳದು.

“ಹೆಂಗೈತಿ?” ಕಲ್ಮೇಶ ಹೊಗಳಿಕೆಗೆ ಕಾದು ಕೇಳಿದ. “ಸಂತ್ಯಾಗ ನಾನ ತಗದ ಫೋಟೋ.”

“ಆ ಕೈ ನಮ್ಮಪ್ಪಂದು.”

ಹುಡುಗ ಇಂಗು ತಿಂದ ಮಂಗನಂತಾದ. “ದುರ್ಗಾ, ಆಣಿ ಮಾಡಿ ಹೇಳ್ತೇನಿ, ಗೊತ್ತಿರಲಿಲ್ಲ. ಈಗ ತಗದಬಿಡ್ತೇನಿ.”

“ತಗೀಬ್ಯಾಡ. ತಗದ್ರ ನಮ್ಮಪ್ಪ ಮುಚ್ಚಿಡೂವಂಥ ಮನಷ್ಯಾ ಆಗ್ತಾನ. ನಾಳೆ ಸಂತಿಗೆ ಬಾ, ಕುಂತು ನೋಡು. ಆಮ್ಯಾಲೂ ಮೋಸ ಅನಿಸಿದ್ರ ಆ ಸಾಲು ಸ್ಟೇಜ್ ಮ್ಯಾಲೆ ನಾನ ಓದತೇನಿ.”

ಹೇಳಿದ್ದು ಗತ್ತಿನಿಂದ. ಆದರೆ ಮೆಟ್ಟಿಲಿಳಿಯುವಾಗ ಅವಳ ಕಣ್ಣು ತುಂಬಿತ್ತು. ಎರಡು ವರ್ಷದಿಂದ ಈ ಹುಡುಗನ ಮೇಲೆ ಅವಳಿಗೆ ಮನಸ್ಸಿತ್ತು. ಅವನು ಹಣೆಯ ಕೂದಲನ್ನು ಪೆನ್ನಿನಿಂದ ಹಿಂದೆ ಸರಿಸುವುದನ್ನು ಎಷ್ಟು ಸಲ ಕದ್ದು ನೋಡಿದ್ದಳೋ ಲೆಕ್ಕವಿಲ್ಲ. ಆದರೆ ಅಪ್ಪನನ್ನು ಕಳ್ಳ ಅಂದವನನ್ನು ಪ್ರೀತಿಸಿ, ಮನೆಗೆ ಯಾವ ಮುಖ ಹೊತ್ತು ಹೋಗಬೇಕು? ಆ ಸ್ಲೈಡ್ ಬೆಳಗಾವಿ ಮುಟ್ಟುವುದರೊಳಗೆ ಬದಲಾಗಬೇಕಿತ್ತು, ಅದೂ ಅವನ ಕೈಯಿಂದಲೇ, ಅವನಿಗೆ ತಿಳಿದೇ.

ಮರುದಿನ ಕಲ್ಮೇಶ ಹೊತ್ತಿಗೆ ಮೊದಲೇ ಬಂದ. ಇಸ್ತ್ರಿಯ ಅಂಗಿ ತೊಟ್ಟು ದನಗಳ ನಡುವೆ ಕಾಲಿಡುವುದಕ್ಕೆ ಜಾಗ ಹುಡುಕುತ್ತಿದ್ದವನನ್ನು ಕಂಡು ದುರ್ಗಾ ತುಟಿ ಕಚ್ಚಿ ನಗು ತಡೆದಳು.

ಅವಳ ಅಪ್ಪ, ದನದ ದಲಾಲ ಶಂಕ್ರೆಪ್ಪ, ಆಗ ಹೋರಿ ಕೊಳ್ಳಲು ಬಂದ ಲಗಮಣ್ಣ ಎಂಬ ರೈತನ ಕೈ ಹಿಡಿದು ಮೇಲೆ ವಲ್ಲಿ ಹೊಚ್ಚಿದ್ದ. ಒಳಗೆ ಬೆರಳುಗಳು ಮಾತಾಡುತ್ತಿದ್ದವು. ಒಂದು ಬೆರಳು ಒತ್ತಿದರೆ ಒಂದು ದರ, ಎರಡು ಒತ್ತಿದರೆ ಇನ್ನೊಂದು. ಹೊರಗೆ ಇಬ್ಬರೂ ಆಕಾಶ ನೋಡುತ್ತ ನಿಂತಿದ್ದರು. ಆಮೇಲೆ ಶಂಕ್ರೆಪ್ಪ ಹೋರಿಯ ಮಾಲೀಕನ ಕೈಯನ್ನೂ ಹಾಗೆಯೇ ಹಿಡಿದ. ಎರಡು ಸಲ ಅತ್ತಿಂದಿತ್ತ ಓಡಾಡಿ ವ್ಯಾಪಾರ ಕುದುರಿಸಿದ.

“ಕಾಕಾರ,” ಕಲ್ಮೇಶ ಕೇಳಿಯೇಬಿಟ್ಟ, “ನಮ್ಮ ಅಡತ್ಯಾಗ ದರ ಜೋರಾಗಿ ಕೂಗ್ತಾರ್ರಿ. ನೀವ್ಯಾಕ ಮುಚ್ಚತೀರಿ?”

“ಲಗಮಣ್ಣನ ಹತ್ರ ಇರೂದ ಕಡಿಮಿ, ಕಡಿಮಿನ ಕೇಳ್ತಾನ. ಕೂಗಿ ಕೇಳಿದ್ರ ನಾಕ ಮಂದಿ ನಗತಾರ. ಇದು ದರ ಮುಚ್ಚಾಕಲ್ಲ ತಮ್ಮಾ, ಮಂದಿ ಮಾನ ಮುಚ್ಚಾಕ.”

“ಮೋಸ ಮಾಡಾವರು ಇಲ್ಲೇನ್ರಿ?”

“ಅದಾರ. ನಿಮ್ಮ ಕೂಗೂವ್ರಾಗ ಇಲ್ಲೇನು?”

ಕಲ್ಮೇಶ ಚೀಲದಿಂದ ನೋಟ್‌ಬುಕ್ ತೆಗೆದ. ಮಧ್ಯಾಹ್ನದ ತನಕ ಅಲ್ಲೇ ಮೇವಿನ ಪೆಂಡಿಯ ಮೇಲೆ ಕುಳಿತು ಬರೆದುಕೊಂಡ. ಹೊರಡುವಾಗ ಬೂಟಿಗೆ ಸೆಗಣಿಯಾದದ್ದನ್ನೂ ಮರೆತು, “ಕಾಕಾರ, ನನಗೂ ಕಲಸ್ರಿ,” ಅಂದ.

“ನಮ್ಮ ದುರ್ಗವ್ವ ಕಲಸ್ತಾಳ,” ಅಂದ ಶಂಕ್ರೆಪ್ಪ. “ನನಕಿಂತ ಚಲೋ ಬರತೈತಿ ಅಕಿಗೆ.”

ಹಾಗೆ ಕಾಲೇಜಿನ ಖಾಲಿ ಕ್ಲಾಸ್‌ರೂಮಿನಲ್ಲಿ ಅವರ ಪಾಠ ಶುರುವಾಯಿತು. ಬೆಂಚಿನ ಆಚೆ ಅವನು, ಈಚೆ ಅವಳು, ನಡುವೆ ವಲ್ಲಿ.

“ಎಷ್ಟು ಹೇಳು?”

“ಮೂರು.”

“ನಾಕು. ನಿನ್ನ ಕೈ ಯಾಕಿಷ್ಟು ಬೆವರತೈತಿ?”

“ಸೆಕಿ ಭಾಳ ಐತಿ.”

“ಡಿಸೆಂಬರ್ ಐತಿ ಕಲ್ಮೇಶ.”

ಅವನು ತಲೆ ತಗ್ಗಿಸಿ ನಕ್ಕ. ಅವಳ ಕಿರುಬೆರಳು ಇನ್ನೂ ಅವನ ಹಿಡಿತದಲ್ಲೇ ಇತ್ತು.

“ನನ್ನ ಮಾರಿ ನೋಡಬ್ಯಾಡ,” ಅಂದಳು. “ದಲಾಲಿ ಮಾಡಾವರ ಮಾರಿ ಕಲ್ಲಿನಂಗ ಇರತೈತಿ. ಏನೂ ತಿಳಿಯೂದಿಲ್ಲ.”

“ನಿಂದು ಕಲ್ಲಿನಂಗ ಇಲ್ಲ.”

“ಮತ್ತ ಹೆಂಗೈತಿ?”

ಕಲ್ಮೇಶ ಬಾಯಿ ತೆರೆಯುವಷ್ಟರಲ್ಲಿ ಗೆಳತಿ ಮೀನಾ ಬಾಗಿಲಲ್ಲಿ ತಲೆ ಹಾಕಿದಳು. “ಸೆಕ್ರೆಟರಿಯವರ, ವಾರ ಆತು, ಇನ್ನೂ ವ್ಯಾಪಾರ ಕುದರವಲ್ದೇನ್ರಿ?” ಇಬ್ಬರ ಕೈಗಳೂ ಸರಕ್ಕನೆ ಹಿಂದೆ ಸರಿದವು.

ಬೆಳಗಾವಿಯ ಸಭಾಂಗಣದಲ್ಲಿ ಮೂರನೇ ಸಾಲಿನಲ್ಲಿ ಶಂಕ್ರೆಪ್ಪ ತಲೆಗೆ ಮಡಿ ಪಟಗಾ ಸುತ್ತಿ ಕುಳಿತಿದ್ದ. ಕಲ್ಮೇಶನೇ ಹಟ ಹಿಡಿದು ಕರೆತಂದಿದ್ದ. ಪರದೆಯ ಮೇಲೆ ಅದೇ ಫೋಟೋ ಬಂತು. ತಲೆಬರಹ ಬೇರೆಯಿತ್ತು: ‘ಮಾನ ಕಾಯುವ ವ್ಯಾಪಾರ.’ ಕೆಳಗೆ: ‘ನಮ್ಮ ಗುರುಗಳು ಶ್ರೀ ಶಂಕ್ರೆಪ್ಪ, ನಲವತ್ತು ವರ್ಷದ ಅನುಭವ.’

ದುರ್ಗಾಳಿಗೆ ಅದನ್ನು ಅವನು ಮೊದಲು ತೋರಿಸಿರಲಿಲ್ಲ. ಅವಳು ಮೈಕ್ ಹತ್ತಿರ ಎಳೆದುಕೊಂಡಳು. ಆಮೇಲೆ ದನಿ ತಾನಾಗಿಯೇ ಎದ್ದಿತು.

“ಗಿರಾಕಿಯ ಖಾಸಗಿ ಮಾಹಿತಿ ಕಾಯುವುದಕ್ಕೆ ಕಂಪನಿಗಳು ಇವತ್ತು ಪುಟಗಟ್ಟಲೆ ಪಾಲಿಸಿ ಬರೆಯುತ್ತವೆ. ನಮ್ಮ ತಂದೆ ಒಂದು ವಲ್ಲಿ ಹೊಚ್ಚುತ್ತಾರೆ.”

ಸಭೆ ಚಪ್ಪಾಳೆ ಹೊಡೆಯಿತು. ನಂತರ ಪ್ರಾತ್ಯಕ್ಷಿಕೆ. ಕಲ್ಮೇಶ ಮೂರು ಬೆರಳು ಹಿಡಿಯಬೇಕು, ಅವಳು ಒಲ್ಲೆ ಅನ್ನಬೇಕು, ಹಾಗಂತ ಮಾತಾಗಿತ್ತು. ವಲ್ಲಿಯ ಒಳಗೆ ಅವನು ಬೆರಳು ಹಿಡಿಯಲಿಲ್ಲ. ಅವಳ ಅಂಗೈ ಬಿಡಿಸಿ, ತನ್ನ ಅಂಗೈ ಅದರ ಮೇಲಿಟ್ಟು, ಸುಮ್ಮನೆ ನಿಂತ. ದುರ್ಗಾಳ ಮುಖ ಕೆಂಪೇರಿತು.

“ಎಷ್ಟಕ್ಕ ಕುದುರಿತವ್ವಾ?” ತೀರ್ಪುಗಾರ ಮೇಡಂ ಕೇಳಿದರು.

“ಇನ್ನೂ ಕುದುರಿಲ್ರೀ ಮೇಡಂ,” ಅಂದಳು. ಸಭೆ ನಕ್ಕಿತು.

ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಬಂದಿದ್ದರೂ ಅವಳ ಎದೆ ಅದಕ್ಕಿಂತ ಹೆಚ್ಚು ಉಬ್ಬುತ್ತಿರಲಿಲ್ಲ.

ಹೊರಗೆ ಅಂಗಳದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಶಂಕ್ರೆಪ್ಪ ಕಲ್ಮೇಶನ ಎದುರು ಬಂದು ನಿಂತ. “ವಲ್ಲಿ ಒಳಗ ಏನ್ ಹಿಡದಿ ತಮ್ಮಾ?”

“ಮೂ… ಮೂರು ಬೆರಳ್ರಿ ಕಾಕಾರ.”

“ನಲವತ್ತು ವರ್ಷ ಆತು ನಾ ವಲ್ಲಿ ಹಾಕಾಕ ಹತ್ತಿ. ಹೊರಗಿಂದ ನೋಡಿದ್ರ ನನಗ ತಿಳಿಯೂದಿಲ್ಲೇನು?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. “ಇದು ದನದ ವ್ಯಾಪಾರಲ್ಲ. ನನ್ನ ಮಗಳ ಮಾತಿಗೆ ವಲ್ಲಿ ಹೊಚ್ಚಬ್ಯಾಡ. ಹೇಳೂದಿದ್ರ ನಾಕ ಮಂದಿ ಮುಂದ ಹೇಳು. ಇಲ್ಲಂದ್ರ ಇಲ್ಲಿಗೆ ಬಿಡು.”

ಕಲ್ಮೇಶ ಚಹಾದ ಕಪ್ಪು ಕಟ್ಟೆಯ ಮೇಲಿಟ್ಟ. ಫೋನ್ ತೆಗೆದು, ನಂಬರ್ ಒತ್ತಿ, ಸ್ಪೀಕರ್ ಹಾಕಿದ. ಸರ್‌ಗಳು, ಮೀನಾ, ಬೇರೆ ಕಾಲೇಜಿನವರು, ಎಲ್ಲರೂ ತಿರುಗಿ ನೋಡಿದರು.

“ಯವ್ವಾ, ನನಗ ಒಬ್ಬ ಹುಡುಗಿ ಮ್ಯಾಲೆ ಮನಸೈತಿ. ಡಿಗ್ರಿ ಮುಗದು ಕೆಲಸ ಹಿಡದ ಮ್ಯಾಲೆ, ಅಕಿ ಹೂಂ ಅಂದ್ರ, ಅಕಿನ್ನ ಲಗ್ನ ಆಗ್ತೇನಿ.”

“ಯಾರ ಮಗಳೋ?” ಅವನ ತಾಯಿ ಸಾವಿತ್ರೆವ್ವನ ದನಿ ಅಂಗಳಕ್ಕೆಲ್ಲ ಕೇಳಿಸಿತು.

ಕಲ್ಮೇಶನ ದನಿ ತಗ್ಗಲಿಲ್ಲ. “ದನದ ದಲಾಲ ಶಂಕ್ರೆಪ್ಪನವರ ಮಗಳು. ದುರ್ಗಾ.”

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಶಂಕ್ರೆಪ್ಪ ಹೆಗಲ ವಲ್ಲಿಯನ್ನು ಬಿಗಿಯಾಗಿ ಹಿಡಿದ. ದುರ್ಗಾ ಒಂದು ಸಲ ಅಪ್ಪನ ಮುಖ ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಫೋನಿನ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಮಸ್ಕಾರ್ರಿ ಅತ್ತಿ. ಆ ಹುಡುಗಿ ನಾನ.”